ಕೊಟ್ಟ ದುಡ್ಡಿಗೆ ಏಡಿಕಾಲು

ಅಮೆರಿಕದ ಚೈನೀಸ್ ಬಫೆಗಳಿಗೆ ಹಸಿದು ಬರುವವರಿಗಿಂತ ಲೆಕ್ಕ ಹಾಕಿ ಬರುವವರೇ ಹೆಚ್ಚು. ಕೊಟ್ಟ ದುಡ್ಡು ವಸೂಲಾಗಬೇಕಲ್ಲ! ಮಾಲೀಕನೇನೂ ಕಮ್ಮಿಯಿಲ್ಲ, ಸಾಲಿನ ಮೊದಲಲ್ಲೇ ಫ್ರೈಡ್ ರೈಸು, ನೂಡಲ್ಸು ಇಟ್ಟಿರುತ್ತಾನೆ. ಅಮಾಯಕರು ಅಲ್ಲೇ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಪಳಗಿದವರು ಅತ್ತ ಕಣ್ಣೂ ಹಾಯಿಸದೆ ಏಡಿಕಾಲಿನ ಟ್ರೇ ಹತ್ತಿರ ಠಿಕಾಣಿ ಹೂಡುತ್ತಾರೆ. ಒಳಗಿನಿಂದ ಹೊಸ ಟ್ರೇ ಬಂತೋ, ಮುಗೀತು: ಜಾತ್ರೆಯ ಪ್ರಸಾದಕ್ಕೂ ಅಂಥ ನೂಕುನುಗ್ಗಲು ಇರಲಾರದು.

ಪಕ್ಕದಲ್ಲೇ ಜನರಲ್ ತ್ಸೋ ಚಿಕನ್. ಆ ಸೇನಾಪತಿ ತೀರಿಕೊಂಡಿದ್ದು 1885ರಲ್ಲಿ. ಖಾದ್ಯ ಹುಟ್ಟಿದ್ದು 1950ರ ದಶಕದ ತೈವಾನಿನಲ್ಲಿ, ಪೆಂಗ್ ಚಾಂಗ್-ಕ್ವೇ ಎಂಬ ಬಾಣಸಿಗರ ಕೈಯಲ್ಲಿ. ಅದಕ್ಕೆ ಸಕ್ಕರೆ ಬಿದ್ದದ್ದು ಅಮೆರಿಕಕ್ಕೆ ಬಂದ ಮೇಲೆ. ಪಾಪ, ಸೇನಾಪತಿಗಳಿಗೆ ರುಚಿ ನೋಡುವ ಯೋಗವೇ ಇರಲಿಲ್ಲ.

ಇನ್ನು ನಮ್ಮ ಸಸ್ಯಾಹಾರಿ ಕನ್ನಡಿಗರು. ಹುರಿದ ಬೀನ್ಸಿನ ಮುಂದೆ ನಿಂತು ಆಯ್ಸ್ಟರ್ ಸಾಸ್ ಹಾಕಿದೆಯಾ ಎಂದು ವಿಚಾರಿಸಿ, ಕೊನೆಗೆ ಬಿಳಿ ಅನ್ನ, ಕಲ್ಲಂಗಡಿ, ಐಸ್‌ಕ್ರೀಮು ತಿಂದು, ಏಡಿಕಾಲಿನವರಷ್ಟೇ ದುಡ್ಡು ತೆರುತ್ತಾರೆ. ಊರಿಂದ ಬಂದ ಅಪ್ಪ, "ಉಳಿದಿದ್ದು ಕಟ್ಟಿಸ್ಕೊಳ್ಳೋಣ ಕಣೋ" ಅಂದರೆ ಮಗ ಕಟ್ಟಿಸಿಕೊಳ್ಳುವಂತಿಲ್ಲ ಎಂಬ ಗೋಡೆಯ ಬೋರ್ಡು ತೋರಿಸುತ್ತಾನೆ. ಅಷ್ಟರಲ್ಲಿ ಅಮ್ಮನ ವ್ಯಾನಿಟಿ ಬ್ಯಾಗಿಗೆ ನಾಲ್ಕು ಫಾರ್ಚೂನ್ ಕುಕೀ ಸೇರಿರುತ್ತವೆ.