ಕ್ರೆಡಿಟ್ಟಿನ ಠೇವಣಿ

ದಾಸನಕೊಪ್ಪದ ಬಸ್ ನಿಲ್ದಾಣದಲ್ಲಿ, ಗೋವಿನಜೋಳದ ಚೀಲಕ್ಕೊರಗಿ ಕವಳ ಮೆಲ್ಲುತ್ತಿದ್ದ ಕಾಕನ ಸಮ್ಮುಖದಲ್ಲಿ, ಮೂರು ಸೆಮಿಸ್ಟರುಗಳನ್ನು ಕನಿಷ್ಠಾಂಕಗಳಿಂದಲೇ ದಾಟಿ ಕಾಲೇಜನ್ನು ಪರಿತ್ಯಜಿಸಿದ್ದ ಕುಮಾರನು ಗಾಂಭೀರ್ಯದಿಂದ ನುಡಿದನು:

“ನನ್ನ ಕ್ರೆಡಿಟ್ಟುಗಳು ಬ್ಯಾಂಕಿನಲ್ಲಿವೆ, ಕಾಕಾ. 2021ರಲ್ಲಿ ಯುಜಿಸಿಯವರೇ ನಿಯಮ ಮಾಡಿದ್ದು. ಬೇರೆ ಕಾಲೇಜಿಗೂ ಒಯ್ಯಬಹುದು.”

“ಬಡ್ಡಿ ಎಷ್ಟೋ, ತಮ್ಮಾ?”

“ಬಡ್ಡಿಯಿಲ್ಲ. ಹೆಚ್ಚೆಂದರೆ 7 ವರ್ಷ. ಆಮೇಲೆ ಅಸಲೂ ಇಲ್ಲ.”

“ನಮ್ಮ ಸೊಸೈಟಿಯೇ ವಾಸಿ. ಅಂಕ ಕಡಿಮೆಯಲ್ಲವೇ?”

“ಪಾಸಾದರೆ ಸಾಕು. ದಡ ಮುಟ್ಟಿದವನಿಗೂ ರ‍್ಯಾಂಕಿನವನಿಗೂ ಕ್ರೆಡಿಟ್ಟು ಸಮಾನ.”

“ಆಹಾ, ಸಮತಾವಾದ! ಹಾಗಾದರೆ ಎಲ್ಲವನ್ನೂ ಹೊರಗಿನಿಂದಲೇ ತಾ.”

“ಆಗದು. ಅರ್ಧದಷ್ಟನ್ನಾದರೂ ಪದವಿ ಕೊಡುವ ಸಂಸ್ಥೆಯಲ್ಲೇ ಓದಿ ಗಳಿಸಬೇಕು.”

“ಓದಿಯೇ? ಅದೊಂದು ತೊಡಕು ಉಳಿಯಿತಲ್ಲ!”

ಪ್ರವೇಶಶುಲ್ಕವನ್ನಂತೂ ಕಾಕನು ಇಂದಿಗೂ ರೂಪಾಯಿಯಲ್ಲೇ ತೆರತಕ್ಕದ್ದು.