ಏಳು ಹಳೇ ಸಿಡಿಗೆ ಆರು ಹೊಸ ಆಟ

ಹೊಸ ತಲೆಮಾರಿನ ಗೇಮ್ ಕನ್ಸೋಲ್ ತಯಾರಿಸುವ ಸಮಸ್ತ ಮಹಾಶಯರ ಸನ್ನಿಧಾನಕ್ಕೆ,

ಹೈದರಾಬಾದಿನ ಕಾಚಿಗುಡದಿಂದ ಒಬ್ಬ ಕನ್ನಡಿಗ ಗಿರಾಕಿ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಇತ್ತ ಕಡೆ ಅವ್ವ, ಹೆಂಡತಿ, ಮಗ, ನಾನು ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುವುದಿಲ್ಲ. ಯಂತ್ರಗಳ ಬೆಲೆ ನೋಡಿದರೆ ನೀವು ಚೆನ್ನಾಗಿಯೇ ಇದ್ದೀರಿ. ಕ್ಷೇಮವಿಲ್ಲದಿರುವುದು ನಮ್ಮ ಬೀರುವಿನ ಕೆಳಗಿನ ಖಾನೆಯಲ್ಲಿ, ಮದುವೆ ಆಲ್ಬಮ್ಮಿನ ಪಕ್ಕ ಮಲಗಿರುವ ಹದಿನಾಲ್ಕು ಸಿಡಿಗಳು. ಅವುಗಳ ಪರವಾಗಿ ಈ ಅರ್ಜಿ.

ಕಳೆದ ದೀಪಾವಳಿಗೆ ಮಗನ ಕಾಟ ತಾಳಲಾರದೆ ಹೊಸ ಕನ್ಸೋಲ್ ತಂದೆ. ಯಾವ ಕಂಪನಿಯದೆಂದು ಹೇಳುವುದಿಲ್ಲ. ಹೇಳಿದರೆ ಮಿಕ್ಕವರೆಲ್ಲ 'ಸದ್ಯ, ನಾವಲ್ಲ' ಎಂದು ಪತ್ರ ಮಡಚಿಡುತ್ತೀರಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಕಳ್ಳನಂತೆ ಎದ್ದು, ಹಳೇ ಕ್ರಿಕೆಟ್ ಸಿಡಿಯೊಂದನ್ನು ತೆಗೆದು, ಬನಿಯನ್ನಿನ ಅಂಚಿನಿಂದ ಒರೆಸಿ, ಹೊಸ ಯಂತ್ರದ ಬಾಯಿಗಿಟ್ಟೆ. ಆಸೆಯಿಂದಲೇ ಒಳಗೆ ಎಳೆದುಕೊಂಡಿತು. ಎರಡು ಸಲ ಕಿರ್ರೆಂದಿತು. ಪರದೆಯ ಮೇಲೆ, ಇದು ಯಾವ ಸಿಡಿಯೋ ನಾನರಿಯೆ ಎಂಬ ಅರ್ಥದ ಎರಡು ಸಾಲು ಮೂಡಿತು. ಆಮೇಲೆ, ಕಷಾಯ ಕುಡಿಸಿದ ಕೂಸು ಉಗುಳುವಂತೆ ಸಿಡಿಯನ್ನು ನನ್ನ ಕೈಗೇ ಉಗುಳಿತು.

ಅವ್ವನಿಗೆ ಎಚ್ಚರವಾಗಿತ್ತು. ಅವಳು ರಾಯಚೂರಿನವಳು. ಏನಾಯಿತೆಂದು ಕೇಳಿದಳು. ಹೊಸ ಯಂತ್ರದಲ್ಲಿ ಹಳೇ ಆಟ ನಡೆಯುವುದಿಲ್ಲವಂತೆ ಎಂದೆ. "ಹೊಸಾ ಕುಕ್ಕರ್‌ನಾಗ ಹಳೇ ಅಕ್ಕಿ ಬೇಯಂಗಿಲ್ಲೇನು?" ಎಂದು ಹೇಳಿ ಮಗ್ಗುಲಾದಳು. ನೀವು 'ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ' ಎಂದು ಉದ್ದುದ್ದ ಹೆಸರಿಟ್ಟು, ಅದಕ್ಕೊಂದು ಇಲಾಖೆ ತೆರೆದು, ವರ್ಷಗಟ್ಟಲೆ ಚರ್ಚಿಸುತ್ತಿರುವ ವಿಷಯ ಇಷ್ಟೇ.

ನೀವು ಪರದೇಶದವರು, ನಮ್ಮ ಊರಿನ ರಿವಾಜು ಗೊತ್ತಿರಲಿಕ್ಕಿಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಬೇರೆಯೇ ರೂಪಾಯಿ ಇತ್ತು, 'ಹಾಲಿ ಸಿಕ್ಕಾ' ಅಂತ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಯಂತ್ರ ಹೊಸದು, ಮಾಲೀಕರು ಹೊಸಬರು. ಹಾಗಂತ ಮಾರನೇ ಬೆಳಗ್ಗೆ ಯಾರೂ ಬಂದು, ನಿಮ್ಮ ರೂಪಾಯಿ ಈ ತಲೆಮಾರಿಗೆ ಹೊಂದುವುದಿಲ್ಲ, ಗಲ್ಲಾಪೆಟ್ಟಿಗೆ ಎತ್ತಿ ಮೂಸಿ ನದಿಗೆ ಸುರಿಯಿರಿ ಅನ್ನಲಿಲ್ಲ. ಏಳು ಹಾಲಿ ಸಿಕ್ಕಾಕ್ಕೆ ಆರು ಭಾರತೀಯ ರೂಪಾಯಿ ಎಂದು ದರ ಕಟ್ಟಿದರು. 1951ರಲ್ಲಿ ಹೊಸದಾಗಿ ಹೊರಡಿಸುವುದು ನಿಂತಿತು. ಆದರೂ 1959ರವರೆಗೆ ಅದರ ಮಾನ್ಯತೆ ತೆಗೆಯಲಿಲ್ಲ. ಹೆಸರು 'ಹಾಲಿ', ಆದದ್ದು ಮಾಜಿ. ಆದರೂ ಮರ್ಯಾದೆಯಿಂದ ನಿವೃತ್ತಿಯಾಯಿತು. ಒಂದು ಸರಕಾರಕ್ಕೆ ಸಾಧ್ಯವಾದ ಸೌಜನ್ಯ ಒಂದು ಆಟಿಕೆ ಕಂಪನಿಗೆ ಆಗದೆ?

ಇನ್ನೊಂದು ಸಂಗತಿ. ಕನ್ನಡ ಓದಬಲ್ಲವನು ಈ ಊರಿಗೆ ಬಂದಿಳಿದ ದಿನವೇ ಇಲ್ಲಿನ ಬಸ್ಸಿನ ಬೋರ್ಡು ಓದುತ್ತಾನೆ. ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಬುಡದಿಂದ ಒಡೆದವು. ತೆಲುಗಿನಲ್ಲಿ ತಲೆಕಟ್ಟಿನ ಜಾಗದಲ್ಲಿ ಮೇಷ್ಟ್ರು ಹಾಕಿದ ರೈಟ್ ಮಾರ್ಕಿನಂಥ ಗೀಟು ಕಾಣುತ್ತದೆ, ಒಂದೆರಡು ಅಕ್ಷರ ತಡವರಿಸುತ್ತವೆ, ಅಷ್ಟೇ. ಬೇರೆಯಾಗಿ ಶತಮಾನಗಳಾದರೂ ಹೊಂದಾಣಿಕೆ ಕೆಟ್ಟಿಲ್ಲ. ಇದಕ್ಕಾಗಿ ನಾವು ಯಾರೂ ತಿಂಗಳ ಚಂದಾ ಕಟ್ಟುತ್ತಿಲ್ಲ.

ಇಂಥ ಊರಿನಲ್ಲಿ ಕೂತು ನಿಮ್ಮ ದೊಡ್ಡವರ ಮಾತು ಕೇಳಿದರೆ ನಗು ಬರುತ್ತದೆ. 2013ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಬರುವ ಹೊತ್ತಿಗೆ ಅದರ ಆಗಿನ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಹಿಂದಿನದಕ್ಕೆ ಹೊಂದಿಕೊಳ್ಳುವವರೇ ಹಿಂದುಳಿದವರು ಎಂಬರ್ಥದಲ್ಲಿ ಚಮತ್ಕಾರ ಮಾಡಿದರು. 2017ರಲ್ಲಿ ಸೋನಿಯ ಜಿಮ್ ರಯಾನ್, ಹಳೇ ಪ್ಲೇಸ್ಟೇಷನ್‌ಗಳ ಕಾರ್ ಆಟ ನೋಡಿ, ಎಷ್ಟು ಪುರಾತನವಾಗಿ ಕಾಣುತ್ತದೆ, ಇದನ್ನು ಯಾರಾದರೂ ಯಾಕೆ ಆಡಬೇಕು ಎಂದು ಬೆರಗಾದರು. ಸ್ವಾಮಿ, ನಮ್ಮಲ್ಲಿ 1591ರ ಚಾರ್‌ಮಿನಾರ್ ಅಂತ ಒಂದಿದೆ. ಅದೂ ಪುರಾತನವಾಗಿಯೇ ಕಾಣುತ್ತದೆ. ಜನ ಟಿಕೆಟ್ ಕೊಂಡು ಹತ್ತುತ್ತಾರೆ.

ನ್ಯಾಯಕ್ಕೆ ಒಂದು ಮಾತು ಹೇಳಲೇಬೇಕು. ಮ್ಯಾಟ್ರಿಕ್ ಹಾಗೆ ಹೇಳಿ ಎರಡೇ ವರ್ಷಕ್ಕೆ, 2015ರ ಜೂನ್‌ನಲ್ಲಿ, ಅದೇ ಕಂಪನಿ ಹಳೇ ಆಟ ನಡೆಸುತ್ತೇವೆಂದು ವೇದಿಕೆಯ ಮೇಲೆ ಘೋಷಿಸಿ ಚಪ್ಪಾಳೆ ಗಿಟ್ಟಿಸಿತು. ಅದರ ಹಿಂದಿನ ವರ್ಷವಷ್ಟೇ ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿದ ಸತ್ಯ ನಾದೆಲ್ಲಾ ಮೈಕ್ರೋಸಾಫ್ಟಿನ ಗಾದಿಗೆ ಬಂದಿದ್ದರು. ಇದಕ್ಕೂ ಅದಕ್ಕೂ ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ಊರಿನವರು ಹೇಳಿಕೊಂಡರೆ ತಡೆಯುವುದೂ ಇಲ್ಲ.

ನನ್ನ ಹದಿನಾಲ್ಕು ಸಿಡಿಗಳ ಗೋಳು ಪಕ್ಕಕ್ಕಿರಲಿ. ಈ ಊರಿನ ಗೋಳು ಕೇಳಿ. 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ 'ಹನುಮಾನ್: ಬಾಯ್ ವಾರಿಯರ್' ಎಂಬ ಆಟ ಬಂತು. ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಕನ್ಸೋಲ್ ಆಟವೆಂದು ಸುದ್ದಿಯಾಯಿತು. ಮಾಡಿದವರು ಹೈದರಾಬಾದಿನ ಅರೋನಾ ಟೆಕ್ನಾಲಜೀಸ್. ಅದೇ ವರ್ಷ ಇದೇ ಊರಿನ ಗೇಮ್‌ಶಾಸ್ತ್ರ ಸಂಸ್ಥೆ 'ದೇಸಿ ಅಡ್ಡಾ' ತಂದಿತು. ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಎಲ್ಲ ಟಿವಿಯೊಳಗೆ. 2013ರಲ್ಲಿ ಅವರದೇ 'ಡಾನ್ 2' ಬಂತು. ಆದರೆ ಪಿಎಸ್2 ತಯಾರಿಕೆ ನಿಂತ ಸುದ್ದಿ ಆ ವರ್ಷದ ಜನವರಿಯಲ್ಲೇ ಹೊರಬಿದ್ದಿತ್ತು. ಬೀಗರು ಎದ್ದುಹೋದ ಮೇಲೆ ಹೋಳಿಗೆ ಬಡಿಸಿದಂತಾಯಿತು.

ಈ ಸಿಡಿಗಳನ್ನು ಪಿಎಸ್4ಕ್ಕೆ ಹಾಕಿದರೂ ಇಲ್ಲ, ಪಿಎಸ್5ಕ್ಕೆ ಹಾಕಿದರೂ ಇಲ್ಲ. ಹೈದರಾಬಾದಿನ ಹುಡುಗರು ಹಗಲುರಾತ್ರಿ ಕೂತು ಮಾಡಿದ ಆಟವನ್ನು ಹೈದರಾಬಾದಿನಲ್ಲೇ ಹೊಸ ಯಂತ್ರದಲ್ಲಿ ಆಡುವಂತಿಲ್ಲ. ಹನುಮಂತನ ಆಟ ಬಂದಾಗ, ದೇವರನ್ನು ಆಟಗಾರನ ಬೆರಳ ತುದಿಗೆ ಒಪ್ಪಿಸಿದ್ದು ತಪ್ಪೆಂದು ಅಮೆರಿಕದಿಂದ ಕೆಲವರು ತಕರಾರು ತೆಗೆದಿದ್ದರು. ಆ ತಕರಾರು ಈಗ ಚೊಕ್ಕವಾಗಿ ಬಗೆಹರಿದಿದೆ: ದೇವರು ಯಾರ ಬೆರಳಿಗೂ ಸಿಗುವುದಿಲ್ಲ. ಸಮುದ್ರ ಹಾರಿದವನಿಗೆ ಒಂದು ತಲೆಮಾರು ಹಾರಲಾಗಲಿಲ್ಲ. ಇತ್ತ 'ದೇಸಿ ಅಡ್ಡಾ'ದೊಳಗಿನ ಚಿನ್ನಿದಾಂಡು ಸತ್ತರೂ ಬೀದಿಯ ಚಿನ್ನಿದಾಂಡಿಗೆ ಏನೂ ಆಗಿಲ್ಲ. ಯಾವ ಕಾಲದ ದಾಂಡಿಗಾದರೂ ಯಾವ ಕಾಲದ ಚಿನ್ನಿಯೂ ಹೊಂದುತ್ತದೆ.

ಹೊಂದಾಣಿಕೆ ಅಸಾಧ್ಯವೆಂದು ಮಾತ್ರ ಹೇಳಬೇಡಿ. ಮಾಡಿ ತೋರಿಸಿದವರು ನೀವೇ. 2000ದಲ್ಲಿ ಪಿಎಸ್2 ಬಂದಾಗ ಹಳೇ ಪ್ಲೇಸ್ಟೇಷನ್ನಿನ ಮಿದುಳನ್ನೇ ಅದರೊಳಗೆ ಗುಮಾಸ್ತನ ಕೆಲಸಕ್ಕೆ ಇಟ್ಟಿದ್ದಿರಿ. ಹೊಸ ಆಟ ನಡೆಯುವಾಗ ಅವನು ತಂದು ಕೊಡುವ ಕೆಲಸ ನೋಡಿಕೊಳ್ಳುತ್ತಿದ್ದ. ಹಳೇ ಸಿಡಿ ಹಾಕಿದೊಡನೆ ಅವನೇ ಯಜಮಾನ. ಹಿರಿಯರನ್ನು ಇಟ್ಟುಕೊಳ್ಳುವ ರೀತಿ ಅದು. ಅಂಥ ಯಂತ್ರ 15 ಕೋಟಿಗೂ ಹೆಚ್ಚು ಮಾರಾಟವಾಯಿತು. 2006ರ ಕೊನೆಗೆ ಜಪಾನು, ಅಮೆರಿಕಗಳಿಗೆ ಬಂದ ಪಿಎಸ್3ರ ಹೊಟ್ಟೆಯಲ್ಲೂ ಪಿಎಸ್2ರ ಚಿಪ್ಪುಗಳಿದ್ದವು. ಮರುವರ್ಷ ಯುರೋಪಿಗೆ ಹೋಗುವಷ್ಟರಲ್ಲಿ ಮುಖ್ಯ ಚಿಪ್ಪು ಮಾಯ. ಆ ವರ್ಷದ ಕೊನೆಗೆ ಬಂದ 40 ಜಿಬಿ ಮಾದರಿಯಲ್ಲಿ ಪಿಎಸ್2 ಆಟದ ಸುದ್ದಿಯೇ ಇಲ್ಲ. ಖರ್ಚು ಉಳಿಸಬೇಕಿತ್ತು. ಹತ್ತಿದ ಏಣಿ ಒದೆಯುವುದೆಂದರೆ ಇದು. ನೀವು ಒದ್ದ ಏಣಿಯ ಸೌದೆಯನ್ನೂ ಮಾರಿದಿರಿ.

ಪಿಎಸ್3ರ 'ಸೆಲ್' ಎಂಬ ಮಿದುಳು ಬಲು ವಿಚಿತ್ರದ್ದು, ಅದರ ಭಾಷೆ ಮುಂದಿನ ಯಂತ್ರಕ್ಕೆ ಅರ್ಥವಾಗಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಪಿಎಸ್4, ಪಿಎಸ್5ಗಳೆರಡೂ ಮಾಮೂಲು ಕಂಪ್ಯೂಟರಿನ ಜಾತಿಯ ಚಿಪ್ಪಿನವು, ಆದ್ದರಿಂದ ಪಿಎಸ್4ರ ನಾಲ್ಕು ಸಾವಿರಕ್ಕೂ ಹೆಚ್ಚು ಆಟಗಳು ಪಿಎಸ್5ರಲ್ಲಿ ಸಲೀಸಾಗಿ ನಡೆಯುತ್ತವೆ, ಅದನ್ನೂ ಒಪ್ಪುತ್ತೇನೆ. ಅಂದರೆ ನೀವು ಅಪ್ಪನನ್ನು ಗುರುತಿಸುತ್ತೀರಿ. ಅಜ್ಜ ಬಂದರೆ ಮಾತ್ರ ಬಾಗಿಲು ತೆಗೆಯುವುದಿಲ್ಲ.

ಈಗ ನೀವು ನಮ್ಮ ಮುಂದಿಟ್ಟಿರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಒಂದು, ಕ್ಲೌಡ್. ಪಿಎಸ್3ರ ಆಟಗಳನ್ನು ಎಲ್ಲೋ ದೂರದ ಸರ್ವರಿನಲ್ಲಿ ನಡೆಸಿ, ಚಂದಾದಾರರ ಟಿವಿಗೆ ಹರಿಸುವುದು. ಒಳ್ಳೆಯ ಯೋಜನೆ. ಆದರೆ 2022ರಲ್ಲಿ ಈ ಚಂದಾ ಭಾರತಕ್ಕೆ ಬಂದಾಗ 'ಪ್ರೀಮಿಯಂ' ಬದಲು 'ಡೀಲಕ್ಸ್' ಎಂಬ ಹೆಸರಲ್ಲಿ, ಕ್ಲೌಡ್ ಕಳಚಿಟ್ಟು ಬಂತು. ಮೋಡ ಇಲ್ಲದ ಮಳೆಗಾಲ. ಬಿರಿಯಾನಿಯಲ್ಲಿ ಮಾಂಸ ತೆಗೆದು 'ಸ್ಪೆಷಲ್' ಅಂದರೆ ಈ ಊರಿನಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತಿಲ್ಲ.

ಎರಡು, ಸಿಡಿಯನ್ನು ಗುರುತಿನ ಚೀಟಿಯಾಗಿ ಒಪ್ಪಿಕೊಳ್ಳುವುದು. ಎಕ್ಸ್‌ಬಾಕ್ಸಿನಲ್ಲಿ ಹಳೇ ಸಿಡಿ ಹಾಕಿದರೆ ಯಂತ್ರ ಅದರ ಮುಖ ನೋಡಿ, ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ. ರೇಷನ್ ಕಾರ್ಡ್ ತೋರಿಸಿ ಅಕ್ಕಿ ಪಡೆದಂತೆ. ಇರುವುದರಲ್ಲಿ ಇದೇ ವಾಸಿ. ಆದರೆ 2021ರ ನವೆಂಬರಿನಲ್ಲಿ 76 ಆಟ ಸೇರಿಸಿ, ಕಾನೂನು ಮತ್ತು ತಾಂತ್ರಿಕ ತೊಡಕುಗಳಿವೆ, ಪಟ್ಟಿ ಇಲ್ಲಿಗೆ ಮುಗಿಯಿತು ಅಂದರು. ನಿಮ್ಮ ಆಟ ಪಟ್ಟಿಯಲ್ಲಿಲ್ಲವೋ, ಕಾರ್ಡ್ ಇದ್ದೂ ಅಕ್ಕಿಯಿಲ್ಲ.

ಮೂರು, ಅದೇ ಆಟಕ್ಕೆ ಬಣ್ಣ ಬಳಿದು 'ರೀಮಾಸ್ಟರ್' ಎಂದು ಮತ್ತೆ ಮಾರುವುದು. ಹಳೇ ಆಟ ಯಾರಿಗೂ ಬೇಡವೆನ್ನುವವರು ಅದನ್ನೇ ಪೂರ್ತಿ ಬೆಲೆಗೆ ಮಾರುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ. ನಮ್ಮ ಮನೆಯ ತಾಮ್ರದ ಹಂಡೆಯನ್ನು ಕಲಾಯಿಗೆ ಕೊಟ್ಟರೆ ಕಲಾಯಿಯವನು ಕಲಾಯಿಯ ದುಡ್ಡು ಕೇಳುತ್ತಾನೆ. ಹಂಡೆಯ ದುಡ್ಡು ಕೇಳುವುದಿಲ್ಲ.

ನಾಲ್ಕು, ಸಿಡಿಯ ಗೊಡವೆಯೇ ಬೇಡವೆಂದು ಯಂತ್ರದ ಬಾಯನ್ನೇ ಹೊಲಿದುಬಿಡುವುದು. ಸಿಡಿ ಹಾಕುವ ಕಂಡಿಯಿಲ್ಲದ ಪಿಎಸ್5 ಕೂಡ ಮಾರುಕಟ್ಟೆಯಲ್ಲಿದೆ. 2025ರ ನಿಂಟೆಂಡೊ ಸ್ವಿಚ್ 2 ಹಳೇ ಸ್ವಿಚ್ಚಿನ ಬಹುಪಾಲು ಆಟಗಳನ್ನು ನಡೆಸುತ್ತದೆ, ಸಂತೋಷ. ಆದರೆ ಅದರ ಕೆಲವು ಹೊಸ ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಕೀಲಿ ಮಾತ್ರ ಇರುತ್ತದೆ. ಲಕೋಟೆ ಬಂತು, ಒಳಗೆ ಕಾಗದವಿಲ್ಲ. ಕಾಗದವಿರುವ ಕಚೇರಿಯನ್ನು ನಾಳೆ ಮುಚ್ಚಿದರೆ? ಮುಚ್ಚುತ್ತೀರಿ. ನಿಂಟೆಂಡೊ 3ಡಿಎಸ್, ವೀ ಯು ಅಂಗಡಿಗಳಿಗೆ 2023ರ ಮಾರ್ಚಿನಲ್ಲಿ, ಎಕ್ಸ್‌ಬಾಕ್ಸ್ 360ರ ಅಂಗಡಿಗೆ 2024ರ ಜುಲೈಯಲ್ಲಿ ಬೀಗ ಬಿತ್ತು.

ಐದು, ಹಳೇ ಯಂತ್ರವನ್ನೇ ಇಟ್ಟುಕೊಂಡಿರಿ ಎಂಬ ಉಪದೇಶ. ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತ. ಆಗಲಿ. ಆದರೆ ಆ ಗಂಡನಿಗೂ ವಯಸ್ಸಾಗಿದೆ, ಲೆನ್ಸು ಮಂಜಾಗಿದೆ, ಬಿಡಿಭಾಗ ಸಿಗುವುದಿಲ್ಲ.

ಇದು ನನ್ನೊಬ್ಬನ ಹಳಹಳಿಕೆಯಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತು: 2010ಕ್ಕೆ ಮುಂಚೆ ಆ ದೇಶದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಅಬಿಡ್ಸ್ ಫುಟ್‌ಪಾತಿನಲ್ಲಿ ಭಾನುವಾರ ಹಳೇ ಪುಸ್ತಕ ಹರಡಿಕೊಂಡು ಕೂರುವವರನ್ನು ನೋಡಿ. ಐವತ್ತು ವರ್ಷದ ಹಿಂದಿನ ಪುಸ್ತಕ ಕೊಂಡರೆ ಅದನ್ನು ಓದಲು ಐವತ್ತು ವರ್ಷದ ಹಿಂದಿನ ಕಣ್ಣು ಬೇಕಾಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಮುಂದಿನ ಯಂತ್ರಕ್ಕೆ ಸಿಡಿ ಕಂಡಿ ಇರಲಿ. ನಿಮ್ಮದೇ ಹಳೇ ಸಿಡಿ ಬಂದರೆ ಗುರುತು ಹಿಡಿಯಲಿ. ಹಕ್ಕುಸ್ವಾಮ್ಯದ ಜಗಳದಿಂದ ನಡೆಸಲಾಗದ ಆಟವಿದ್ದರೆ, ಅದನ್ನು ಕಾಪಾಡಿಕೊಳ್ಳುವ ಗ್ರಂಥಾಲಯಗಳಿಗೆ ಅಡ್ಡಗಾಲು ಹಾಕಬೇಡಿ. ಕ್ಲೌಡ್ ಇಲ್ಲದ ದೇಶಕ್ಕೆ ಕ್ಲೌಡಿನ ಆಸೆ ತೋರಿಸಬೇಡಿ. ಇದ್ಯಾವುದೂ ಆಗದಿದ್ದರೆ ಹಾಲಿ ಸಿಕ್ಕಾದ ದರಕ್ಕೆ ಬನ್ನಿ: ಏಳು ಹಳೇ ಸಿಡಿಗೆ ಆರು ಹೊಸ ಆಟ. ನನ್ನ ಹದಿನಾಲ್ಕಕ್ಕೆ ಹನ್ನೆರಡು ಬರುತ್ತದೆ. ಎರಡು ಆಟದ ನಷ್ಟವನ್ನು ನಾನು ದೇಶಕ್ಕಾಗಿ ಎಂಬಂತೆ ಸಹಿಸಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾಚಿಗುಡದ ಗಿರಾಕಿ

ವಿ.ಸೂ.: ಪತ್ರ ಮುಗಿಸಿ ಹಳೇ ಯಂತ್ರವನ್ನೇ ಅಟ್ಟದಿಂದ ಇಳಿಸಿದೆ. ಓಡುತ್ತದೆ. ಆದರೆ ಹೊಸ ಟಿವಿಗೆ ಹಳದಿ, ಕೆಂಪು, ಬಿಳಿ ತೂತುಗಳಿಲ್ಲ. ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ವಿಷಯ ಹೇಳಿದೆ. ಅಂಗಡಿಯ ಹುಡುಗ ತಲೆಯೆತ್ತದೆ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ಮುಂದಿಟ್ಟ. ಒಂದು ಕಡೆ ಮೂರು ಬಣ್ಣದ ಹಳೇ ತಂತಿ, ಇನ್ನೊಂದು ಕಡೆ ಹೊಸ ಟಿವಿಯ ತಂತಿ. ರಾತ್ರಿ ಕ್ರಿಕೆಟ್ ಆಟ ಶುರುವಾಯಿತು. ಆ ಡಬ್ಬಿಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ.