ಸಕ್ಕರೆತ್ಯಾಗಿಯ ಲಕ್ಷಣಗಳು

ಮುಂಬಯಿಯ ಮಾಟುಂಗಾ, ವಿಲೇಪಾರ್ಲೆ, ಮುಲುಂಡ್ ಮೊದಲಾದ ಕಡೆಗಳ ಕಾಲೇಜು ಕ್ಯಾಂಟೀನುಗಳಲ್ಲಿ ಈಚೆಗೆ ಧಾರಾಳವಾಗಿ ಕಾಣಸಿಗುವ ಒಂದು ವಿದ್ಯಾರ್ಥಿವರ್ಗಕ್ಕೆ ಸಕ್ಕರೆತ್ಯಾಗಿ ಎಂಬ ಹೆಸರು ಸಲ್ಲುತ್ತದೆ. ವೈದ್ಯರ ಆಜ್ಞೆಯಂತೆ ಸಕ್ಕರೆ ಬಿಟ್ಟು ಮದುವೆಮನೆಯಲ್ಲಿ ಕದ್ದು ಜಿಲೇಬಿ ತಿನ್ನುವ ಹಿರಿಯರು ಈ ವರ್ಗಕ್ಕೆ ಸೇರುವುದಿಲ್ಲ. ಅವರು ರೋಗಿಗಳು, ಈತನು ವ್ರತಸ್ಥನು. ಇಪ್ಪತ್ತರ ಆಸುಪಾಸಿನ, ಕಲ್ಲನ್ನೂ ಅರಗಿಸಬಲ್ಲ ಹೊಟ್ಟೆಯುಳ್ಳ, ಯಾವ ವೈದ್ಯರೂ ಏನನ್ನೂ ಬಿಡೆಂದು ಹೇಳದಿದ್ದರೂ ತಾನಾಗಿಯೇ ಬಿಟ್ಟಿರುವ ಈತನ ತ್ಯಾಗವು ನಾಲಗೆಯ ಮೇಲೆಯೇ ನಡೆಯುತ್ತದೆ. ಆದರೆ ರುಚಿ ನೋಡುವ ನಾಲಗೆಗಿಂತ ಮಾತಾಡುವ ನಾಲಗೆಗೆ ಅದರಲ್ಲಿ ಹೆಚ್ಚಿನ ಪಾಲಿದೆ.

ಸಕ್ಕರೆತ್ಯಾಗಿಯ ಪಾಂಡಿತ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ದಿನದ ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆಯಿರಬೇಕೆಂಬುದೂ, 2000 ಕಿಲೋಕ್ಯಾಲೊರಿ ಉಣ್ಣುವವನಿಗೆ ಅದು 50 ಗ್ರಾಂ, ಅಂದರೆ ಸುಮಾರು ಹನ್ನೆರಡು ಚಮಚವಾಗುತ್ತದೆಂಬುದೂ, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆಂಬುದೂ ಆತನಿಗೆ ಕಂಠಪಾಠವಾಗಿದೆ. ಮುಕ್ತ ಸಕ್ಕರೆ ಎಂದರೆ ತಯಾರಕರೋ ಅಡುಗೆಯವರೋ ತಿನ್ನುವವರೋ ಆಹಾರಕ್ಕೆ ಬೆರೆಸುವ ಸಕ್ಕರೆ ಮತ್ತು ಜೇನು, ಪಾಕ, ಹಣ್ಣಿನ ರಸಗಳಲ್ಲಿ ತಾನಾಗಿಯೇ ಇರುವ ಸಕ್ಕರೆ. ಇಡೀ ಹಣ್ಣಿನೊಳಗಿನದು ಮತ್ತು ಹಾಲಿನೊಳಗಿನದು ಇದರಲ್ಲಿ ಸೇರುವುದಿಲ್ಲ. ಈ ವ್ಯಾಖ್ಯೆಯ ಕೊನೆಯ ಭಾಗವನ್ನು ಆತನು ಬಲು ಮೆಚ್ಚುತ್ತಾನೆ, ನಡುವಿನ ಭಾಗವನ್ನು ಮರೆಯುತ್ತಾನೆ. 2025ರಲ್ಲಿ ಸಿಬಿಎಸ್‌ಇ ಮಂಡಳಿಯು ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆಯೆಂದು ತಿಳಿಸುವ ಫಲಕಗಳನ್ನು ತನ್ನ ಶಾಲೆಗಳಲ್ಲಿ ತೂಗುಹಾಕಲು ಸೂಚಿಸಿತು. ಅಂಥ ಫಲಕವಿಲ್ಲದ ಕಾಲೇಜುಗಳಲ್ಲಿ ಆ ಕೊರತೆಯನ್ನು ಸಕ್ಕರೆತ್ಯಾಗಿಯು ಸ್ವತಃ ನೀಗಿಸುತ್ತಾನೆ, ಅದೂ ಎದುರಿಗಿರುವವನು ಗುಲಾಬ್ ಜಾಮೂನಿಗೆ ಚಮಚ ಇಳಿಸಿದ ಕ್ಷಣದಲ್ಲಿ.

ಈ ವ್ರತದ ಮುಖ್ಯ ರಂಗಸ್ಥಳವು ಟಪರಿ, ಎಂದರೆ ರಸ್ತೆಬದಿಯ ಚಹಾದಂಗಡಿ. ಅಲ್ಲಿ ಸಿಗುವ ಕಟಿಂಗ್, ಅಂದರೆ ಅರ್ಧ ಗ್ಲಾಸಿನ ಚಹಾವು ಹಾಲು, ನೀರು, ಪುಡಿ, ಶುಂಠಿ, ಸಕ್ಕರೆಗಳೆಲ್ಲ ಒಂದೇ ಪಾತ್ರೆಯಲ್ಲಿ ಕುದಿದು ಸಿದ್ಧವಾಗುವುದರಿಂದ, ಸಕ್ಕರೆ ಬೇಡವೆನ್ನುವ ಒಬ್ಬ ಗಿರಾಕಿಗಾಗಿ ಬೇರೆ ಪಾತ್ರೆಯನ್ನೇ ಒಲೆಗೇರಿಸಬೇಕಾಗುತ್ತದೆ. ಸಕ್ಕರೆತ್ಯಾಗಿಯು ‘ಏಕ್ ಫೀಕಾ’, ಅಂದರೆ ಸಪ್ಪೆಯದೊಂದು, ಎಂದು ಕೂಗಿದ ಮೇಲೆ ಆ ಪಾತ್ರೆ ಕುದಿಯುವವರೆಗೂ ಗೆಳೆಯರು ತಮ್ಮ ಕಟಿಂಗ್ ಮುಗಿಸಿ ಲೋಕಲ್ ರೈಲು ತಪ್ಪಿಸಿಕೊಂಡು ನಿಂತಿರುತ್ತಾರೆ, ಆತನ ಉಪನ್ಯಾಸವು ನಿರಾತಂಕವಾಗಿ ಸಾಗುತ್ತದೆ. ಕೊನೆಗೆ ಬಂದ ಚಹಾ ಗಂಟಲಿಗಿಳಿಯದ್ದರಿಂದ ಆತನು ಗ್ಲುಕೋಸ್ ಬಿಸ್ಕತ್ತಿನ ಪೊಟ್ಟಣವನ್ನು ಬಿಚ್ಚುತ್ತಾನೆ. 1929ರಲ್ಲಿ ವಿಲೇಪಾರ್ಲೆಯಲ್ಲಿ ಆರಂಭವಾಗಿ ಆ ಊರಿನ ಹೆಸರನ್ನೇ ಹೊತ್ತ ಕಂಪನಿಯ ಈ ಬಿಸ್ಕತ್ತಿನ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಸಕ್ಕರೆಯೇ ಇದ್ದರೂ ವ್ರತಕ್ಕೆ ಭಂಗವಿಲ್ಲ. ಏಕೆಂದರೆ ಚಮಚದಿಂದ ಬಿದ್ದದ್ದು ಮಾತ್ರ ಸಕ್ಕರೆಯೆಂಬುದು ಈ ಶಾಸ್ತ್ರದ ಮೂಲಸೂತ್ರ.

ಈ ಸೂತ್ರದಿಂದ ಐದು ವಿನಾಯಿತಿಗಳು ಹುಟ್ಟುತ್ತವೆ. ಮೊದಲನೆಯದು ಬಣ್ಣದ ವಿನಾಯಿತಿ: ಬಿಳಿಯದು ವಿಷ, ಕಂದು ಬಣ್ಣದ್ದು ಔಷಧ, ಆದ್ದರಿಂದ ಬಹುಪಾಲು ಸುಕ್ರೋಸೇ ಆಗಿರುವ ಬೆಲ್ಲವೂ, ಐದರಲ್ಲಿ ನಾಲ್ಕು ಪಾಲು ಸಕ್ಕರೆಯಿರುವ ಜೇನೂ ನಿರ್ದೋಷಿಗಳು. ಎರಡನೆಯದು ದ್ರವದ ವಿನಾಯಿತಿ: ಕಣ್ಣೆದುರೇ ಗಾಣದಿಂದ ಹರಿದು ಬರುವ ಕಬ್ಬಿನ ಹಾಲನ್ನು ಆತನು ಸಸ್ಯವೆಂದೂ, ಸ್ಟೇಷನ್ನಿನ ಹೊರಗಿನ ಮೋಸಂಬಿ ರಸವನ್ನು ವಿಟಮಿನ್ನೆಂದೂ ಪರಿಗಣಿಸುತ್ತಾನೆ. ಮೂರನೆಯದು ಪೊಟ್ಟಣದ ವಿನಾಯಿತಿ: ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆಗಳನ್ನು ಲೇಬಲ್ಲಿನಲ್ಲಿ ಬೇರೆಬೇರೆಯಾಗಿ ಮುದ್ರಿಸಬೇಕೆಂದು 2020ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವಾದರೂ, ಪ್ರೋಟೀನ್ ಬಾರಿನ ಮುಂಭಾಗದಲ್ಲಿ ತೋಳುಬಲದ ಚಿತ್ರವಿದ್ದರೆ ಹಿಂಭಾಗವನ್ನು ಓದುವುದು ಅಪನಂಬಿಕೆಯ ಲಕ್ಷಣವಾಗುತ್ತದೆ. ನಾಲ್ಕನೆಯದು ಪ್ರಸಾದದ ವಿನಾಯಿತಿ: ಗಣೇಶೋತ್ಸವದ ಮೋದಕ, ಸಂಕ್ರಾಂತಿಯ ತಿಳಗುಳ, ಲೋಕಲ್ ಡಬ್ಬಿಯಲ್ಲಿ ಯಾರದೋ ಬಡ್ತಿಗೆ ಹಂಚುವ ಪೇಡಾ, ಇವುಗಳನ್ನು ನಿರಾಕರಿಸುವುದು ಅಸಂಸ್ಕೃತಿ, ಒಂದನ್ನೇ ತೆಗೆದುಕೊಳ್ಳುವುದು ಕೃಪಣತೆ. ಐದನೆಯದು ಪರೀಕ್ಷೆಯ ವಿನಾಯಿತಿ: ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ದೇಹದ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಬಳಸುತ್ತದೆಂಬ ದಿಟವಾದ ಸಂಗತಿಯು ಆತನಿಗೆ ಮಾರ್ಚ್ ತಿಂಗಳಲ್ಲಿ ಮಾತ್ರ ನೆನಪಾಗುತ್ತದೆ. ಆ ಶಕ್ತಿಯನ್ನು ದೇಹವು ಅನ್ನ ಚಪಾತಿಗಳಿಂದಲೂ ಪಡೆಯಬಲ್ಲದೆಂಬ ಮುಂದಿನ ವಾಕ್ಯವು ಏಪ್ರಿಲಿನಲ್ಲಿಯೂ ನೆನಪಾಗುವುದಿಲ್ಲ.

ಮುಂಬಯಿ ಕನ್ನಡಿಗರ ಮನೆಯಲ್ಲಿ ಹುಟ್ಟಿದ ಸಕ್ಕರೆತ್ಯಾಗಿಗೆ ಇನ್ನೊಂದು ತೊಡಕಿದೆ. ಈ ನಗರದಲ್ಲಿ ಎಷ್ಟೋ ಕರಾವಳಿ ಕುಟುಂಬಗಳು ನೆಲೆಯೂರಿದ್ದು ಹೋಟೆಲಿನಿಂದ. ಮಾಟುಂಗಾದಲ್ಲಿ 1942ರಿಂದ ಊಟ ಬಡಿಸುತ್ತ ಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆ ಪರಂಪರೆಯ ಹೆಸರಾಂತ ಸಾಕ್ಷಿ, ಮತ್ತು ಬೆಲ್ಲ ಬೀಳದ ಸಾಂಬಾರನ್ನು ಉಡುಪಿಯ ಅಡುಗೆಭಟ್ಟರು ಸಾಂಬಾರೆಂದು ಒಪ್ಪುವುದಿಲ್ಲ. ಹಗಲಿಡೀ ಕಪ್ಪು ತೊಳೆದು ಸಂಜೆ ಕನ್ನಡದ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ರೇಷನ್ ಕಾರ್ಡು ಹಿಡಿದು ಸಕ್ಕರೆಗಾಗಿ ಸಾಲಿನಲ್ಲಿ ನಿಂತ ಅಜ್ಜನಿಗೆ, ಮನೆಯಲ್ಲಿ ಡಬ್ಬಿ ತುಂಬ ಇರುವ ಸಕ್ಕರೆಯನ್ನು ಮೊಮ್ಮಗನು ವಿಷವೆನ್ನುವುದು ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ಊರಿನಲ್ಲಿರುವ ಅಜ್ಜಿಯಾದರೋ ವಿಷಯವನ್ನು ಥಟ್ಟನೆ ಗ್ರಹಿಸಿ ಫೋನಿನಲ್ಲಿ ತೀರ್ಪು ಕೊಡುತ್ತಾಳೆ: “ಸಕ್ಕರೆ ಬಿಟ್ಟದ್ದು ಒಳ್ಳೇದಾಯ್ತು ಮಗಾ. ಚೌತಿಗೆ ಬಾ, ಕಾಯಿಹಾಲಿನ ಪಾಯಸಕ್ಕೆ ನಾವು ಹಾಕುವುದು ಪೂರಾ ಬೆಲ್ಲವೇ.” ವಿಶ್ವ ಆರೋಗ್ಯ ಸಂಸ್ಥೆಯ ಹಂಗಿಲ್ಲದೆಯೇ ಅಜ್ಜಿಯು ಮೊಮ್ಮಗನ ಮೊದಲನೆಯ ವಿನಾಯಿತಿಯನ್ನು ತಲುಪಿರುತ್ತಾಳೆ.

ಸಕ್ಕರೆತ್ಯಾಗಿಯನ್ನು ಬರಿಯ ಸೋಗಲಾಡಿಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಡೊಂಬಿವಲಿಯಿಂದ ಮುಂಜಾನೆಯ ಲೋಕಲ್ ಹಿಡಿದು ಏಳರ ತರಗತಿಗೆ ಓಡಿ, ಕ್ಲಾಸು, ಪ್ರಾಕ್ಟಿಕಲ್, ಕೋಚಿಂಗ್ ಮುಗಿಸಿ ಸಂಜೆಯ ನೂಕುನುಗ್ಗಲಿನಲ್ಲಿ ಮರಳುವ ಹುಡುಗನಿಗೆ ಕಡಿಮೆ ಕಾಸಿಗೆ, ನಿಂತಲ್ಲೇ, ಎರಡು ನಿಮಿಷದಲ್ಲಿ ಸಿಗುವ ಶಕ್ತಿಯೆಂದರೆ ವಡಾಪಾವಿನ ಪಿಷ್ಟ, ಅದರ ಎಣ್ಣೆ ಮತ್ತು ಗ್ಲಾಸಿನ ಸಿಹಿ. ಇವುಗಳನ್ನು ಬಿಡಬೇಕಾದರೆ ಸಮಯ, ಅಡುಗೆಮನೆ, ಹಣ ಮೂರೂ ಬೇಕು. ಏನೂ ಇಲ್ಲದೆ ಬಿಡಬಹುದಾದದ್ದು ಚಹಾದ ಒಂದು ಚಮಚ ಮಾತ್ರ. ಚಮಚಕ್ಕೆ ಸುಮಾರು 4 ಗ್ರಾಂ, ದಿನಕ್ಕೆರಡು ಚಹಾಕ್ಕೆ 8 ಗ್ರಾಂ ಉಳಿಯುತ್ತದೆ. 100 ಮಿಲಿಲೀಟರಿಗೆ 10 ಗ್ರಾಂ ದಾಟುವ ಕೋಲಾದ 250 ಮಿಲಿಲೀಟರಿನ ಒಂದು ಬಾಟ್ಲಿ ಮೂರು ದಿನಗಳ ಪುಣ್ಯವನ್ನು ಒಂದೇ ಮಧ್ಯಾಹ್ನದಲ್ಲಿ ಕರಗಿಸುತ್ತದೆ. ಹೀಗೆ ಲೆಕ್ಕ ಹಾಕಿ ನೋಡಿದರೆ ಈ ವ್ರತದಿಂದ ಲಾಭ ಪಡೆದವನು ಒಬ್ಬನೇ ಕಾಣಿಸುತ್ತಾನೆ: ಫೀಕಾ ಚಹಾಕ್ಕೂ ಕಟಿಂಗಿನ ದರವನ್ನೇ ಎಣಿಸಿಕೊಳ್ಳುವ ಟಪರಿಯವನು, ಏಕೆಂದರೆ ಸಕ್ಕರೆಯ ಖರ್ಚು ನಿಜವಾಗಿಯೂ ಇಳಿದಿರುವುದು ಅವನ ಡಬ್ಬಿಯಲ್ಲಿ ಮಾತ್ರ.